ಬಾವಿಗೆ ಬಿಡಬೇಕಿದ್ದ ಮಣ್ಣೆತ್ತುಗಳು

ಡೀಸೆಲ್ ಕುಡಿದ ಮಣ್ಣನ್ನು ಪರೀಕ್ಷಿಸಲು ಮೊದಲಿಗೆ ಯಂತ್ರವೇನೂ ಬೇಕಾಗುವುದಿಲ್ಲ. ಗಾಜಿನ ಲೋಟಕ್ಕೆ ಮುಕ್ಕಾಲು ನೀರು ತುಂಬಿ, ಒಂದು ಚಿಟಿಕೆ ಮಣ್ಣು ಹಾಕಿ ಕಲಕಿ, ಬಿಸಿಲಿಗೆ ವಾರೆಯಾಗಿ ಹಿಡಿದರೆ ಸಾಕು. ಮಣ್ಣು ತಳಕ್ಕೆ ಇಳಿಯುತ್ತದೆ. ಎಣ್ಣೆ ಮೇಲೆ ಬಂದು ನವಿಲುಗರಿಯ ಬಣ್ಣದ ಪೊರೆ ಕಟ್ಟುತ್ತದೆ. ಪ್ರಯೋಗಾಲಯದ ವರದಿ ಬರಲು ವಾರ ಹಿಡಿಯುತ್ತದೆ, ಲೋಟ ಒಂದು ನಿಮಿಷದಲ್ಲಿ ಹೇಳಿಬಿಡುತ್ತದೆ. ಗಾದಿಗನೂರಿನ ಆಚೆಯ ಆ ಲಾರಿ ಯಾರ್ಡಿಗೆ ಕಾಲಿಟ್ಟ ಮೊದಲ ದಿನ ನಾನು ಹನ್ನೊಂದು ಕಡೆಯ ಮಣ್ಣು ತಂದು ಹನ್ನೊಂದು ಲೋಟ ಸಾಲಾಗಿ ಇಟ್ಟೆ. ಹನ್ನೊಂದರಲ್ಲೂ ಪೊರೆ ಕಟ್ಟಿತು.

ಯಾರ್ಡು ಇಳಿಜಾರಿನ ಮೇಲಿತ್ತು. ಸಂಡೂರಿನ ಕಡೆಯಿಂದ ಅದಿರು ಹೊತ್ತು ಬರುವ ಲಾರಿಗಳು ಅಲ್ಲಿ ಡೀಸೆಲ್ ಹಾಕಿಸಿಕೊಂಡು ಹೋಗುತ್ತಿದ್ದವು. ನೆಲದಲ್ಲಿ ಹೂತ ಟ್ಯಾಂಕಿನ ತಳ ತುಕ್ಕು ಹಿಡಿದು ತೂತಾಗಿತ್ತು. ಎಷ್ಟು ಕಾಲದಿಂದ ಸೋರುತ್ತಿತ್ತೋ ಯಾರಿಗೂ ತಿಳಿಯದು. ಬೇಲಿಯಿಂದ ನೂರು ಹೆಜ್ಜೆಯೂ ಇಲ್ಲದ ಕೆಳಗಿನ ಬಾವಿಯ ನೀರಿಗೆ ವಾಸನೆ ಬಂದ ಮೇಲಷ್ಟೇ ಅದು ಗೊತ್ತಾದದ್ದು. ಆ ಬಾವಿ ಒಬ್ಬ ರೈತ ಹೆಂಗಸಿನದು. ನಾನು ಆಕೆಯನ್ನು ಬಾವಿಯಕ್ಕ ಎನ್ನುತ್ತಿದ್ದೆ, ಆಮೇಲೆ ನಮ್ಮ ಸೈಟಿನವರೆಲ್ಲ ಹಾಗೇ ಕರೆಯತೊಡಗಿದರು. ಸುತ್ತಲಿನ ಬೋರುಗಳದೆಲ್ಲ ಸವುಳು ನೀರು, ಬೇಳೆ ಬೇಯುವುದಿಲ್ಲ. ಆಕೆಯದೂ ಸೇರಿ ಪಕ್ಕದ ಕೇರಿಯ ಇಪ್ಪತ್ತಾರು ಮನೆಗಳಿಗೂ ಕುಡಿಯುವ ನೀರೆಂದರೆ ಆ ಬಾವಿಯದೇ.

ನನ್ನನ್ನು ಕಂಡ ಕೂಡಲೇ ಬಾವಿಯಕ್ಕ ಒಂದು ಕೊಡ ಸೇದಿ ಮೂಗಿನ ಹತ್ತಿರ ಹಿಡಿದಳು.

"ಮೂಸಿ ನೋಡ್ರಿ ಮೇಡಮ್ಮಾರ. ಇದನ್ನ ಎರಡ್ ತಿಂಗ್ಳ ಕುಡದೀವಿ ನಾವು. ಹೊಸ ಹಗ್ಗದ ವಾಸನಿ ಅನ್ಕಂಡಿದ್ವಿ."

"ಈಗ ಕುಡ್ಯಾಕ ಹತ್ತಿಲ್ಲ ಹೌದಿಲ್ರಿ ಅಕ್ಕ?"

"ಟ್ಯಾಂಕರ್ ಬರತೈತಿ. ಬರೂ ದಿನ ಬರತೈತಿ, ಬರ್ಲಾರದ ದಿನ ಇಲ್ಲ. ನೀವು ಇದನ್ನ ಹಸನ ಮಾಡ್ತೀರೇನು?"

ಮಾಡುತ್ತೇನೆ ಎಂದೆ. ಹಾಗೆ ಹೇಳಬಾರದಿತ್ತು. ನಮ್ಮ ಕೆಲಸದಲ್ಲಿ "ಪ್ರಯತ್ನಿಸುತ್ತೇವೆ" ಎನ್ನುವುದು ರೂಢಿ. ಆದರೆ ಆಕೆ ಕೊಡವನ್ನು ಹಿಡಿದುಕೊಂಡೇ ನಿಂತಿದ್ದಳು.

ಬಾವಿಯ ಮೇಲೆ ತೇಲುತ್ತಿದ್ದ ಡೀಸೆಲ್ಲನ್ನು ಪಂಪಿನಿಂದ ಎಳೆದು ತೆಗೆಯುವುದು ಸುಲಭದ ಭಾಗ. ಕಷ್ಟವಿದ್ದದ್ದು ಟ್ಯಾಂಕಿನ ಸುತ್ತಲಿನ ಮಣ್ಣಿನಲ್ಲಿ. ಅದು ಅಲ್ಲೇ ಇದ್ದರೆ ಒಳ್ಳೆಯ ಮಳೆಯೊಂದು ಬಿದ್ದ ದಿನ ನೀರು ಆ ಮಣ್ಣಿನೊಳಗಿಂದ ಇಳಿದು, ಇದ್ದಬದ್ದ ಡೀಸೆಲ್ಲನ್ನೆಲ್ಲ ಬಾವಿಯತ್ತ ತಳ್ಳುತ್ತದೆ. ಆಮೇಲೆ ಆ ಬಾವಿಯನ್ನು ಮುಚ್ಚುವುದೊಂದೇ ಉಳಿಯುವುದು. ನಾವು ಟ್ಯಾಂಕನ್ನು ಎತ್ತಿ ಹಾಕಿ, ಕೆಳಗಿನ ಮಣ್ಣನ್ನು ಅಗೆದು ಮೇಲೆ ಪೇರಿಸಿದೆವು. ಒಯ್ದು ಸುರಿಯಲು ಪರವಾನಗಿ ಇರುವ ಜಾಗ ಎಲ್ಲೋ ದೂರದಲ್ಲಿತ್ತು. ಅಷ್ಟೊಂದು ಟಿಪ್ಪರ್ ಮಣ್ಣನ್ನು ತೆಗೆದುಕೊಳ್ಳಲು ಅವರೂ ಒಪ್ಪಲಿಲ್ಲ. ಅಲ್ಲೇ ತೊಳೆದು ಅದೇ ಹೊಂಡಕ್ಕೆ ತುಂಬುವುದೆಂದು ತೀರ್ಮಾನವಾಯಿತು. ಕಾರಹುಣ್ಣಿಮೆಗೆ ಇನ್ನೂ ಮೂರು ವಾರವಿತ್ತು, ಆಕಾಶ ಬಿಳುಪಾಗಿತ್ತು.

ತೊಳೆಯುವುದು ಎರಡು ಹಂತದಲ್ಲಿ. ಮೊದಲು ತಿರುಗುವ ಜರಡಿಯಲ್ಲಿ ಹಾಕಿ ನೀರು ಹೊಡೆಯುತ್ತೇವೆ. ಗರಸು, ಮರಳು ಬೇರೆಯಾಗಿ ಬೀಳುತ್ತವೆ. ಅವುಗಳಿಗೆ ಡೀಸೆಲ್ ಅಷ್ಟಾಗಿ ಅಂಟಿರುವುದಿಲ್ಲ, ಬೇಗ ಶುದ್ಧವಾಗುತ್ತವೆ. ಸಣ್ಣ ಕಣದ ಜೇಡಿ ಮಾತ್ರ ನೀರಿನ ಜೊತೆ ಹೋಗಿ ತೊಟ್ಟಿಯಲ್ಲಿ ಕೆಸರಾಗಿ ಕೂರುತ್ತದೆ, ಡೀಸೆಲ್ಲೆಲ್ಲ ಅದರಲ್ಲೇ ಸೇರಿಕೊಂಡಿರುತ್ತದೆ. ಆ ಕೆಸರನ್ನು ಒಣಗಿಸಿ, ಮುಚ್ಚಿದ ಡ್ರಮ್ಮಿಗೆ ಹಾಕಿ, ಈಥೈಲ್ ಅಸಿಟೇಟ್ ಎಂಬ ದ್ರಾವಕದ ಜೊತೆ ತಿರುಗಿಸಬೇಕು. ಉಗುರುಬಣ್ಣ ಅಳಿಸುವ ಶೀಸೆಯಿಂದ ಬರುವ ಸಿಹಿ ವಾಸನೆ ಅದರದು. ಅದು ಡೀಸೆಲ್ಲನ್ನು ಕರಗಿಸಿಕೊಂಡು ಹೊರಬರುತ್ತದೆ. ಬಿಸಿನೀರಿನ ಕೊಳವೆ ಸುತ್ತಿದ ಪಾತ್ರೆಯಲ್ಲಿ ಕಾಯಿಸಿದರೆ ದ್ರಾವಕ ಆವಿಯಾಗಿ ಹೋಗಿ ಇನ್ನೊಂದು ಕಡೆ ತಣಿದು ಮತ್ತೆ ಕೈಗೆ ಬರುತ್ತದೆ, ಡೀಸೆಲ್ ತಳದಲ್ಲಿ ಉಳಿಯುತ್ತದೆ. ಒಂದು ಕಿಡಿ ಸಾಕು, ಇಡೀ ಯಾರ್ಡು ಹತ್ತಿ ಉರಿಯಲು. ಡ್ರಮ್ಮಿನ ಸುತ್ತ ಸುಣ್ಣದ ಗೆರೆ ಎಳೆದು, ಒಳಗೆ ಮೊಬೈಲೂ ಬೀಡಿಯೂ ಬರಕೂಡದೆಂದು ಕಟ್ಟುನಿಟ್ಟು ಮಾಡಿದೆ. ಲಾರಿ ಡ್ರೈವರುಗಳು ನನ್ನನ್ನು ಹಿಂದಿನಿಂದ "ಸುಣ್ಣದ ಗೆರಿ" ಎಂದೇ ಕರೆಯುತ್ತಿದ್ದರಂತೆ.

ಯಂತ್ರ ನೋಡಿಕೊಳ್ಳುವ ಮಿಸ್ತ್ರಿ ಸಂಡೂರಿನವರು. ಅದಿರು ತೊಳೆಯುವ ಪ್ಲಾಂಟಿನಲ್ಲಿ ಅರ್ಧ ಆಯುಷ್ಯ ಕಳೆದವರು. ಕೆಸರನ್ನು ಎರಡು ದಿನ ಬಿಸಿಲಿಗೆ ಹರವಿದ ಮೇಲೆ ನಾನು ಸಾಕು ಎಂದಾಗ ಅವರು ಒಂದು ಹೆಂಟೆಯನ್ನು ಕೈಯಲ್ಲಿ ತೂಗಿ ನೋಡಿದರು.

"ಇನ್ನಾ ತೂಕ ಐತ್ರಿ ಮೇಡಂ. ನೀರು ಒಳಗ ಕುಂತೈತಿ."

"ಮೋಡ ನೋಡ್ರಿ ಮಿಸ್ತ್ರಿ. ಕಾಯಾಕ ಟೈಮಿಲ್ಲ. ಹಾಕ್ರಿ."

ಹಾಕಿದರು. ಡ್ರಮ್ಮು ತೆರೆದಾಗ ಕೆಸರೆಲ್ಲ ಗೋಲಿ ಗೋಲಿಯಾಗಿ ಹೊರಬಂತು. ಡೀಸೆಲ್ ವಾಸನೆ ಇಲ್ಲ, ಬರೀ ಸಿಹಿ ವಾಸನೆ. ಎರಡು ಗೋಲಿ ಲೋಟಕ್ಕೆ ಹಾಕಿದೆ, ಪೊರೆ ಕಟ್ಟಲಿಲ್ಲ. ಹದಿನೈದು ದಿನದಲ್ಲಿ ಮೊದಲ ಬಾರಿ ನನಗೆ ಹಸಿವೆಯಾಯಿತು. ಮಿಸ್ತ್ರಿ ಒಂದು ಗೋಲಿಯನ್ನು ಉಗುರಿನಿಂದ ಸೀಳಿ ನನ್ನ ಕಡೆ ಚಾಚಿದರು. ಒಳಗೆ ಕಪ್ಪಗೆ ಹಸಿಯಾಗಿ ಹೊಳೆಯುತ್ತಿತ್ತು. ಸೀಳಿದ್ದನ್ನು ಲೋಟಕ್ಕೆ ಹಾಕಿದ ಕೂಡಲೇ ಅಂಚಿನಿಂದ ಅಂಚಿಗೆ ಬಣ್ಣ ಹರಡಿತು. ದ್ರಾವಕ ಗೋಲಿಯ ಮೈಯನ್ನಷ್ಟೇ ತೊಳೆದಿತ್ತು. ಒಳಗಿನ ನೀರು ಅದನ್ನು ಹತ್ತಿರ ಬಿಟ್ಟುಕೊಂಡಿರಲಿಲ್ಲ.

ಇನ್ನೂ ಮೂರು ಸಲ ಹಾಕಿದೆವು. ಹೆಚ್ಚು ಹೊತ್ತು ತಿರುಗಿಸಿದೆವು, ದ್ರಾವಕ ಹೆಚ್ಚಿಸಿದೆವು, ಬಿಸಿ ಹೆಚ್ಚಿಸಿದೆವು. ಬಂದದ್ದು ಅದೇ ಗೋಲಿ. ಬಿಸಿಲಲ್ಲಿ ಮೂರು ದಿನ, ನಾಲ್ಕು ದಿನ ಬಿಟ್ಟರೂ ಮೇಲೆ ಬಿರುಕು ಬಿಡುತ್ತಿತ್ತು, ಒಳಗೆ ಹಸಿ ಹಾಗೇ. ಸೋತ ಮಣ್ಣನ್ನೆಲ್ಲ ಬೇಲಿಯ ಪಕ್ಕ ತಾಡಪತ್ರಿಯ ಮೇಲೆ ಗುಡ್ಡೆ ಹಾಕಿದೆವು. ಒಂದು ಸಣ್ಣ ಮಳೆಗೆ ಗೋಲಿಗಳು ಕರಗಿ ಬೆಣ್ಣೆಯಂಥ ಮುದ್ದೆಯಾದವು. ಅದರ ಪಕ್ಕದಲ್ಲೇ ಹೊಂಡದ ಮೇಲೆ ಹಾಸಲು ತರಿಸಿದ ಒಳ್ಳೆಯ ಎರೆಮಣ್ಣಿನ ಗುಡ್ಡೆಯಿತ್ತು. ಎರಡಕ್ಕೂ ಬೋರ್ಡು ಹಾಕಿಸಬೇಕೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಬರೆದದ್ದು ಅಲ್ಲೇ ಉಳಿಯಿತು.

ಆ ದಿನಗಳಲ್ಲಿ ಹೊಸಪೇಟೆಯ ಮನೆಗೆ ಬಸ್ಸಿನಲ್ಲಿ ಹೋಗುವಾಗ ನನ್ನ ಪಕ್ಕದ ಸೀಟಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಎಷ್ಟು ಸೀಗೆಪುಡಿ ಹಚ್ಚಿದರೂ ಕೂದಲಿನ ವಾಸನೆ ಹೋಗುತ್ತಿರಲಿಲ್ಲ. ಕೈಯ ಚರ್ಮ ಒಡೆದು ಸಾರು ಕಲಸಿದರೆ ಉರಿಯುತ್ತಿತ್ತು. ನನಗೆ ಈ ಕೆಲಸ ಬರುವುದಿಲ್ಲ ಎಂಬ ಮಾತು ಮನಸ್ಸಿನಲ್ಲಿ ಬಂದು ಕೂತುಬಿಟ್ಟಿತ್ತು. ಬಾವಿಯಕ್ಕ ದಿನಾ ಬೆಳಿಗ್ಗೆ ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಬೈದು ಕಳಿಸಬಹುದಿತ್ತು.

ಮಣ್ಣೆತ್ತಿನ ಅಮಾವಾಸ್ಯೆಗೆ ಐದು ದಿನವಿದ್ದಾಗ ಕೇರಿಯ ಕುಂಬಾರವ್ವ ಬುಟ್ಟಿ ಹಿಡಿದು ಗೇಟಿಗೆ ಬಂದಳು. ಪ್ರತಿ ವರ್ಷ ಅಷ್ಟೂ ಮನೆಗಳ ಎತ್ತು ಮಾಡಿಕೊಡುವವಳು ಅವಳೇ.

"ಯವ್ವಾ, ಎತ್ತಿಗೆ ನಾಕ್ ಬುಟ್ಟಿ ಮಣ್ಣು ಒಯ್ಯಲೇನು?"

ಅದೇ ಹೊತ್ತಿಗೆ ಪಂಪಿನ ಸೀಲು ಒಡೆದು ಕೆಸರು ಚಿಮ್ಮುತ್ತಿತ್ತು. ನನ್ನ ಎರಡೂ ಕೈ ಅದರಲ್ಲಿದ್ದವು. ಕಂಪ್ಲಿಯಲ್ಲಿ ಹುಟ್ಟಿ ಬೆಳೆದವಳು ನಾನು. ಎತ್ತಿಗೆ ಮಣ್ಣು ಕೇಳಿದವರಿಗೆ ನಮ್ಮ ಮನೆಯಲ್ಲಿ ಯಾರೂ ಇಲ್ಲ ಎಂದದ್ದಿಲ್ಲ. ಗದ್ದೆಯ ಬದುವಿನಿಂದಲೋ ಕಾಲುವೆ ದಂಡೆಯಿಂದಲೋ ಕೇಳಿದವರು ತೆಗೆದುಕೊಂಡು ಹೋಗುತ್ತಿದ್ದರು. ಎರೆಮಣ್ಣಿನ ಗುಡ್ಡೆಯ ಕಡೆ ಮೊಣಕೈಯಿಂದಲೇ ತೋರಿಸಿ, "ಆ ಕಡಿ ಐತಿ ನೋಡವ್ವ, ತಗೊ" ಎಂದೆ. ತಿರುಗಿ ನೋಡಲಿಲ್ಲ.

ಕುಂಬಾರವ್ವ ನೋಡಿದಳು. ಅವಳ ಕಣ್ಣು ಇರುವುದು ಬೆರಳಿನಲ್ಲಿ. ಎರೆಮಣ್ಣಿನ ಗುಡ್ಡೆಯಲ್ಲಿ ಬೆರಳಾಡಿಸಿದಾಗ ಸುಣ್ಣದ ಹರಳು ಸಿಕ್ಕಿತು. ಪಕ್ಕದ ಗುಡ್ಡೆಗೆ ಕೈ ಹಾಕಿದಳು. ಜರಡಿ ಹಿಡಿದು, ನೀರಲ್ಲಿ ಇಳಿಸಿ, ಒಂದು ಹರಳೂ ಇಲ್ಲದಂತೆ ನಾವೇ ಸೋಸಿಟ್ಟ ಜೇಡಿ ಅದು. ಅಂಥ ಮಣ್ಣು ಜನ್ಮದಲ್ಲಿ ಕಂಡಿರಲಿಲ್ಲ ಎಂದು ಆಮೇಲೆ ಅವಳೇ ಹೇಳಿದಳು, ವಾಸನೆ ಯಾರ್ಡಿನದೇ ಅಂದುಕೊಂಡಿದ್ದಳಂತೆ. ನಾಲ್ಕು ಬುಟ್ಟಿ ತುಂಬಿಕೊಂಡು, ಮಣ್ಣಿಗೆ ಕೈ ಮುಗಿದು ಹೋದಳು.

ಅಮಾವಾಸ್ಯೆಯ ಮಧ್ಯಾಹ್ನ ಬಾವಿಯಕ್ಕ ಊಟಕ್ಕೆ ಕರೆದಿದ್ದಳು. "ಬರ್ರಿ ಮೇಡಮ್ಮಾರ, ಕುಂದ್ರಿ" ಎಂದು ಚಾಪೆ ಹಾಸಿದಳು. ಮೂಲೆಯ ಮಣೆಯ ಮೇಲೆ ಅಕ್ಕಿ ಹರವಿ ಜೋಡಿ ಎತ್ತು ಕೂರಿಸಿದ್ದಳು. ಕೊಂಬಿಗೆ ಅರಿಸಿನ, ಕೊರಳಿಗೆ ಚೆಂಡುಹೂ, ಕಣ್ಣಿಗೆ ಗುಲಗಂಜಿ. ಚಂದದ ಎತ್ತುಗಳು. ಕೈ ಮುಗಿದು ಬಗ್ಗಿದೆ.

ಊದುಬತ್ತಿ, ಹೂವು, ಹೋಳಿಗೆಯ ತುಪ್ಪ ಇಷ್ಟರ ನಡುವೆ ಆ ಸಿಹಿ ವಾಸನೆ ಮೂಗಿಗೆ ಬಡಿಯಿತು. ಮೊದಲು ನನ್ನ ಕೂದಲಿನದೇ ಅಂದುಕೊಂಡೆ. ಹೂವು ಸರಿಪಡಿಸುವವಳಂತೆ ಒಂದು ಎತ್ತನ್ನು ತುಸು ಎತ್ತಿದೆ. ಕೆಳಗಿನ ಅಕ್ಕಿ ಹಳದಿಯಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಹೊಟ್ಟೆಯ ಅಡಿ ಜಿಡ್ಡು ಬೆವತಿತ್ತು. ನಾನು ಎತ್ತನ್ನು ಇದ್ದಂತೆಯೇ ಇಟ್ಟೆ.

"ಎಲ್ಲಾರ ಮನಿಗೂ ಕುಂಬಾರವ್ವನ ಕೊಟ್ಟಾಳೇನ್ರಿ ಅಕ್ಕ?"

"ಹೂಂ, ಇಪ್ಪತ್ತಾರು ಜೋಡಿ. ಈ ವರ್ಷ ಒಂದೂ ಬಿರುಕು ಬಿಟ್ಟಿಲ್ಲ ನೋಡ್ರಿ. ಸಂಜಿಗೆ ಬಾವಿಗೆ ಬಿಡ್ತೀವಿ. ಕುಡಿಬ್ಯಾಡ್ರಿ ಅಂದೀರಿ, ಎತ್ತು ಬಿಡಬ್ಯಾಡ್ರಿ ಅಂದಿಲ್ಲಲ್ಲ."

ಬೇರೆ ಊರುಗಳಲ್ಲಿ ಹಳ್ಳಕ್ಕೆ ಬಿಡುತ್ತಾರೆ, ಕೆಲವರು ಮಾಳಿಗೆಯ ಮೇಲೆ ಇಡುತ್ತಾರೆ. ಈ ಕೇರಿಯವರು ಬಿಡುವುದು ಬಾವಿಗೆ. ಎಳೆದು ಎಳೆದು ತೆಗೆದ ಮೇಲೆ ಆ ವಾರವಷ್ಟೇ ಬಾವಿಯ ನೀರು ಲೋಟದಲ್ಲಿ ಪೊರೆ ಕಟ್ಟುವುದನ್ನು ಬಿಟ್ಟಿತ್ತು. ಐವತ್ತೆರಡು ಎತ್ತುಗಳು ಅದರೊಳಗೆ ಕರಗಿದರೆ ಜೇಡಿ ತಳದಲ್ಲಿ ಕೂತು ತಿಂಗಳುಗಟ್ಟಲೆ ಡೀಸೆಲ್ ಬಿಡುತ್ತದೆ. ಅದನ್ನು ಅಲ್ಲಿಂದ ತೆಗೆಯುವ ಯಾವ ಯಂತ್ರವೂ ನನ್ನ ಬಳಿ ಇರಲಿಲ್ಲ. ಬಡಿಸಿದ ಹೋಳಿಗೆ ತಿಂದೆ. ಬಾವಿಯಕ್ಕ ಮತ್ತೊಂದು ಬಡಿಸಿದಳು, ಅದನ್ನೂ ತಿಂದೆ.

ಯಾರ್ಡಿಗೆ ಓಡಿ ಜೇಡಿಯ ಗುಡ್ಡೆ ನೋಡಿದೆ. ಬೆರಳಿನ ಗುರುತುಗಳು ಇನ್ನೂ ಅಚ್ಚಳಿಯದೆ ಇದ್ದವು. ಮಿಸ್ತ್ರಿ ತಲೆಯ ಮೇಲೆ ಕೈ ಹೊತ್ತು ಕೂತರು. ಯಾರ್ಡಿನ ಮಾಲೀಕರನ್ನು ಕರೆಸಿದೆ. ಕೆಟ್ಟವರಲ್ಲ, ಟ್ಯಾಂಕಿನ ವಿಷಯ ತಿಳಿದ ದಿನದಿಂದ ಅವರೂ ಸೊರಗಿದ್ದರು. ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಹೇಳಿದರು.

"ಮೇಡಂ, ಬಾವ್ಯಾಗ ಮೊದ್ಲ ಇತ್ತು. ಇನ್ನಷ್ಟು ಸೇರಿದ್ರ ಯಾರಿಗ್ ಗೊತ್ತಾಕ್ಕತಿ? ನೀವು ಹೋಗಿ ಹೇಳಿದ್ರಿ ಅನ್ಕಳ್ರಿ, ನಾಳೆ ಮುಂಜಾನಿಗೆ ಗೇಟಿಗೆ ಕೀಲಿ ಬೀಳತೈತಿ. ಹೊಂಡ ಬಾಯಿ ತಕ್ಕಂಡೈತಿ. ಮಳಿ ಬಂದ್ರ ಆ ಬಾವಿ ಉಳೀತೈತೇನು? ನೀವ ಹೇಳ್ರಿ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಹೇಳಿದರೆ ಕೆಲಸ ನಿಲ್ಲುತ್ತದೆ, ಬಾವಿ ಹೋಗುತ್ತದೆ. ಹೇಳದಿದ್ದರೆ ಸಂಜೆಗೇ ಹೋಗುತ್ತದೆ. ಏನಾದರೂ ನೆಪ ಹೇಳಿ ಎತ್ತುಗಳನ್ನು ಇಸಿದುಕೊಂಡು ಬಂದರೆ ಹೇಗೆ ಎಂದು ನಾನೂ ಸ್ವಲ್ಪ ಹೊತ್ತು ಲೆಕ್ಕ ಹಾಕಿದೆ. ಪೂಜೆಯಾದ ಎತ್ತನ್ನು ಯಾವ ನೆಪಕ್ಕೆ ಯಾರು ಕೊಡುತ್ತಾರೆ? ಮನೆ ಮನೆಗೆ ಹೋಗಿ ಸುಳ್ಳು ಹೇಳುವ ನನ್ನ ಮುಖ ನೆನೆದು ಆ ಲೆಕ್ಕ ಬಿಟ್ಟೆ. ಮಿಸ್ತ್ರಿ ಎದ್ದು ಹೋಗಿ ಒಂದು ಗಾಜಿನ ಲೋಟ ತೊಳೆದು ತಂದು ನನ್ನ ಕೈಯಲ್ಲಿಟ್ಟರು.

"ಇದನ್ನ ಒಯ್ರಿ ಮೇಡಂ. ಬಾಯಿಲೆ ಹೇಳಿದ್ರ ನಂಬಂಗಿಲ್ಲ" ಎಂದರು.

ಬಾವಿಕಟ್ಟೆಯ ಮೇಲೆ ಹೆಂಗಸರು ಎತ್ತು ಕೂರಿಸಿದ ಮಣೆಗಳೊಂದಿಗೆ ಆಗಲೇ ಸೇರತೊಡಗಿದ್ದರು. ನಾನು ನಿಂತುಕೊಂಡೇ ಹೇಳಿದೆ. ಮಣ್ಣು ಕೊಟ್ಟವಳು ನಾನು, ನೋಡದೆ ಕೊಟ್ಟೆ, ಅದು ಡೀಸೆಲ್ ಮಣ್ಣು, ಕುಂಬಾರವ್ವನದು ಏನೂ ತಪ್ಪಿಲ್ಲ. ಬಾವಿಯಕ್ಕ ತನ್ನ ಮಣೆಯಿಂದ ಒಂದು ಎತ್ತು ತೆಗೆದು, ಕಣ್ಣಿಗೊತ್ತಿಕೊಂಡು, ಅದರ ಒಂದು ಕಾಲನ್ನು ತಾನೇ ಮುರಿದು ನನ್ನ ಅಂಗೈಗೆ ಹಾಕಿದಳು. ಲೋಟದಲ್ಲಿ ಕಲಕಿ ಬಿಸಿಲಿಗೆ ಹಿಡಿದೆ. ಪೊರೆ ಕಟ್ಟಿತು. ಲೋಟ ಕೈಯಿಂದ ಕೈಗೆ ಹೋಯಿತು.

"ನಮ್ಮ ದೇವ್ರಿಗೂ ಡೀಸಲ್ ಕುಡಿಸಿದ್ರಲ್ಲ" ಎಂದಳು ಒಬ್ಬಳು. ಇನ್ನೊಬ್ಬಳು, ಗೇಟಿಗೆ ಕೀಲಿ ಹಾಕಿಸಬೇಕು, ಇವರನ್ನೆಲ್ಲ ಓಡಿಸಬೇಕು ಎಂದಳು. ಕುಂಬಾರವ್ವ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಾ ಕೂತಿದ್ದಳು. "ಇವು ಯಾವತ್ತೂ ಮೋಸ ಮಾಡಿದ್ದಿಲ್ಲವ್ವ" ಎಂದು ನನಗೊಬ್ಬಳಿಗೇ ಕೇಳುವಂತೆ ಅಂದಳು. ಬೈಗುಳವನ್ನೆಲ್ಲ ತಡೆದುಕೊಂಡಿದ್ದ ನನಗೆ ಆ ಮಾತಿಗೆ ಕಣ್ಣೀರು ಬಂತು. ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು.

ಬಾವಿಯಕ್ಕ ಬಾವಿಯೊಳಗೆ ಬಗ್ಗಿ ನೋಡಿ ತಿರುಗಿದಳು.

"ಕೀಲಿ ಹಾಕಿದ್ರ ಸಾಯೂದು ನನ್ನ ಬಾವಿ. ಕೆಲ್ಸ ನಿಲ್ಲಾಂಗಿಲ್ಲ. ಆದ್ರ ನಾಳಿಂದ ನಾನೂ ಒಳಗ ಬಂದು ಕುಂದ್ರತೀನಿ, ಯಾವ ಗುಡ್ಡಿ ಯಾವುದಂತ ನೋಡ್ಕೋತೀನಿ."

"ಎತ್ತು ಏನ್ ಮಾಡೂದಕ್ಕ?" ಎಂದು ಯಾರೋ ಕೇಳಿದರು. "ಪೂಜಿ ಆಗೈತಿ. ನೀರು ಕಾಣಿಸ್ಬೇಕು."

"ಇವರ ತೊಟ್ಟಿಗೆ ಬಿಡೂನು. ಇವರ ತೊಳೀಲಿ."

ನಾನೂ ಮಿಸ್ತ್ರಿಯೂ ಡ್ರಮ್ಮು ನಿಲ್ಲಿಸಿ, ದ್ರಾವಕದ ಕವಾಟಗಳನ್ನೆಲ್ಲ ಮುಚ್ಚಿ, ಕೊನೆಯ ತೊಟ್ಟಿಯನ್ನು ತಿಕ್ಕಿ ತೊಳೆದು ಟ್ಯಾಂಕರಿನ ಒಳ್ಳೆಯ ನೀರು ತುಂಬಿಸಿದೆವು. ಹೊತ್ತು ಇಳಿಯುವ ಮೊದಲೇ ಇಪ್ಪತ್ತಾರು ಮನೆಯವರು ಮಣೆ ಹೊತ್ತು ಬಂದರು. ಆರತಿ, ಕರ್ಪೂರ ಸುಣ್ಣದ ಗೆರೆ ದಾಟುವಂತಿಲ್ಲ ಎಂದು ಅಷ್ಟು ಹೊತ್ತಿನಲ್ಲೂ ನಾನು ಹೇಳಲೇಬೇಕಾಯಿತು. ಗೇಟಿನಲ್ಲೇ ಆರತಿ ಮುಗಿಸಿ, ಬರಿಗಾಲಲ್ಲಿ ಒಬ್ಬೊಬ್ಬರೇ ಬಂದು ಎತ್ತುಗಳನ್ನು ನೀರಿಗೆ ಬಿಟ್ಟರು. ಮೂರು ಕಾಲಿನ ಎತ್ತನ್ನು ಬಾವಿಯಕ್ಕ ಕೊನೆಗೆ ಬಿಟ್ಟಳು. ಸ್ವಲ್ಪ ಹೊತ್ತಿಗೆ ತೊಟ್ಟಿಯ ತುಂಬ ಬಣ್ಣದ ಪೊರೆ ಹರಡಿತು. ಚೆಂಡುಹೂಗಳು ಅದರ ಮೇಲೆ ತೇಲುತ್ತಿದ್ದವು.

ಮರುದಿನ ಬಾವಿಯಕ್ಕನ ಜೊತೆ ಕುಂಬಾರವ್ವನೂ ಬಂದಳು. ನಾವು ಬಿಸಿಲಲ್ಲಿ ದಪ್ಪಗೆ ಹರವಿದ ಕೆಸರನ್ನು ಕಂಡು ಕೆರಳಿಬಿಟ್ಟಳು.

"ಹಿಂಗ್ಯಾರನ ಒಣಗಸ್ತಾರೇನು? ಬಿಸಲಾಗ ಮ್ಯಾಲ್ ಬಿಗೀತೈತಿ, ಒಳಗಿನ ನೀರಿಗೆ ಬಾಗಲಾ ಹಾಕಿದಂಗ ಆಕ್ಕತಿ. ತೆಳ್ಳಗ ತಟ್ರಿ. ನೆಳ್ಳಾಗ ಇಡ್ರಿ, ಗಾಳಿಗೆ. ನಿದಾನಕ ಒಣಗಲಿ."

ಆಗ ನನಗೆ ಆ ಹಳದಿ ಅಕ್ಕಿ ನೆನಪಾಯಿತು. ಎತ್ತು ನೆರಳಿನಲ್ಲಿ ನಾಲ್ಕು ದಿನ ನಿಧಾನವಾಗಿ ಒಣಗಿತ್ತು. ನೀರು ಹೋದ ದಾರಿಯಲ್ಲೇ ಎಣ್ಣೆ ಮೈಗೆ ಬಂದು ಬೆವರಾಗಿತ್ತು. ಇಷ್ಟು ದಿನ ನಾನು ಡ್ರಮ್ಮಿನೊಳಗೆ ಹುಡುಕಿದ್ದು ಅದನ್ನೇ. ಇಷ್ಟು ಓದಿದವಳಿಗೆ ಮಣ್ಣು ಒಣಗಿಸಲು ಬರಲಿಲ್ಲ ಎಂದು ಮಿಸ್ತ್ರಿ ಅನ್ನಲಿಲ್ಲ, ನಾನೇ ಅಂದುಕೊಂಡೆ.

ಮಾಲೀಕರು ಲಾರಿ ನಿಲ್ಲಿಸುವ ಶೆಡ್ಡುಗಳನ್ನು ಖಾಲಿ ಮಾಡಿಸಿದರು. ಕೇರಿಯ ಹೆಂಗಸರು ರಬ್ಬರ್ ಕೈಗವಸು ಹಾಕಿಕೊಂಡು ಕೆಸರನ್ನು ಜೋಳದ ರೊಟ್ಟಿಯಂತೆ ತಟ್ಟಿ ತಾಡಪತ್ರಿಯ ಮೇಲೆ ಸಾಲಿಟ್ಟರು. ಕುಂಬಾರವ್ವ ಕೋಲು ಹಿಡಿದು ನಡುವೆ ಓಡಾಡಿ ದಪ್ಪ ತಟ್ಟಿದವರನ್ನು ಬೈಯುತ್ತಿದ್ದಳು. ಐದನೆಯ ದಿನ ಒಂದು ರೊಟ್ಟಿ ಮುರಿದರು, ಟಕ್ ಎಂದಿತು. ಪುಡಿ ಮಾಡಿ ಡ್ರಮ್ಮಿಗೆ ಹಾಕಿದೆವು. ಗೋಲಿ ಕಟ್ಟಲಿಲ್ಲ. ಹೊರಬಂದದ್ದು ಬೂದಿಯಂಥ ಹುಡಿ. ಅದನ್ನು ಎಲ್ಲಿಂದ ತೆಗೆದು ಹಾಕಿದರೂ ಲೋಟ ತಿಳಿಯಾಗಿಯೇ ಉಳಿಯಿತು.

ಅಲ್ಲಿಗೆ ಕಷ್ಟ ತೀರಿತು ಎಂದಲ್ಲ. ಮಣ್ಣು ಇನ್ನೂ ಮುಕ್ಕಾಲು ಪಾಲು ಉಳಿದಿತ್ತು. ಒಂದು ಮಧ್ಯಾಹ್ನ ಸಂಡೂರಿನ ಗುಡ್ಡದ ಕಡೆಯಿಂದ ಕಪ್ಪಾಗಿ ಬಂದ ಮಳೆ ಒಂದೇ ತಾಸಿನಲ್ಲಿ ಹೊಂಡಕ್ಕೆ ಸೊಂಟದುದ್ದ ನೀರು ತುಂಬಿತು. ಎರಡು ಪಂಪು ಹಚ್ಚಿದೆವು, ಒಂದು ಕೈಕೊಟ್ಟಿತು. ಬುಟ್ಟಿ, ಕೊಡ, ಸಿಕ್ಕಿದ್ದರಲ್ಲೆಲ್ಲ ಎತ್ತಿ ಹಾಕಿದೆವು. ಮಾಲೀಕರೂ ಪ್ಯಾಂಟು ಮಡಚಿ ಇಳಿದರು. ಎರಡು ದಿನ ಬಿಟ್ಟು ಬಾವಿಯಲ್ಲಿ ಮತ್ತೆ ಬಣ್ಣ ಕಂಡಿತು. ಬಾವಿಯಕ್ಕ ಲೋಟ ಹಿಡಿದು ನೋಡಿದಳು, ನನ್ನ ಮುಖ ನೋಡಲಿಲ್ಲ. ಆ ದಿನ ನಾನು ಡ್ರಮ್ಮಿನ ಹಿಂದೆ ಹೋಗಿ ಗಟ್ಟಿಯಾಗಿ ಅತ್ತೆ. ಮತ್ತೆ ಪಂಪು ಇಳಿಸಿದೆವು. ಮತ್ತೆ ಎಳೆದೆವು.

ಎತ್ತು ಕರಗಿದ ಕೆಸರನ್ನು ಕೊನೆಯ ಸಲಕ್ಕೆ ಹಾಕಬೇಕೆಂದು ಕೇರಿಯವರು ಹೇಳಿದ್ದರು. ಅದನ್ನು ಜರಡಿ ಹಿಡಿದಾಗ ಮೇಲೆ ಗುಲಗಂಜಿ ಉಳಿದವು. ಎತ್ತುಗಳ ಕಣ್ಣು. ಮಿಸ್ತ್ರಿ ಅವನ್ನು ಒಂದೊಂದಾಗಿ ಆರಿಸಿ, ಒರೆಸಿ, ಬೀಡಿ ಕಟ್ಟಿನ ಖಾಲಿ ಕಾಗದದಲ್ಲಿ ಕಟ್ಟಿ ಕುಂಬಾರವ್ವನಿಗೆ ಕೊಟ್ಟರು. ಹೊಂಡ ಮುಚ್ಚಿದ ದಿನ ಜಿಟಿಜಿಟಿ ಮಳೆ ಹತ್ತಿತ್ತು.

ಚಳಿಗಾಲದಲ್ಲಿ ಬಾವಿಯ ನೀರಿನ ವರದಿ ಬಂತು. ಡೀಸೆಲ್ ಪತ್ತೆಯಾಗಿಲ್ಲ ಎಂದಿತ್ತು. ಹೊಸಪೇಟೆಯಿಂದ ಓಡಿ ಹೋಗಿ ಓದಿ ಹೇಳಿದೆ. ಬಾವಿಯಕ್ಕ ಕೇಳಿಸಿಕೊಂಡಳು, ಕಾಗದವನ್ನು ಮಡಚಿ ನನಗೇ ಕೊಟ್ಟಳು.

"ಇದು ನಿಮ್ಮ ಹತ್ರ ಇರ್ಲಿ. ನಾವು ಮಣ್ಣೆತ್ತಿನ ಅಮಾಸಿ ತನಕ ನೋಡ್ತೀವಿ."

ಅಷ್ಟು ತಿಂಗಳೂ ಟ್ಯಾಂಕರಿನ ನೀರೇ ಕುಡಿದರು. ನನಗೆ ಸಿಟ್ಟು ಬಂದದ್ದು ನಿಜ. ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಿಲ್ಲ ಎಂಬುದೂ ಗೊತ್ತಿತ್ತು.

ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ನನ್ನನ್ನು ಕರೆಸಿದರು. ಕುಂಬಾರವ್ವ ನಾವು ತೊಳೆದು ಹೊಂಡಕ್ಕೆ ತುಂಬಿದ್ದ ಮಣ್ಣನ್ನೇ ಬಗೆದು ತಂದು, ಹದ ಮಾಡಿ ಇಟ್ಟಿದ್ದಳು. ಮೊದಲ ಎತ್ತು ನಾನೇ ಮಾಡಬೇಕಂತೆ. ಮಾಡಿದೆ. "ಕತ್ತಿ ಆಗೈತಿ ಬಿಡ್ರಿ, ಕೊಂಬು ಇಟ್ರ ಎತ್ತು" ಎಂದು ಕುಂಬಾರವ್ವ ನಕ್ಕು, ಬೀಡಿ ಕಾಗದ ಬಿಚ್ಚಿ ಹಳೆಯ ಗುಲಗಂಜಿ ಎರಡು ಒತ್ತಿದಳು. ಪೂಜೆ ಮುಗಿಸಿ ಸಂಜೆಯ ಬಿಸಿಲಿನಲ್ಲಿ ಎಲ್ಲರೂ ಬಾವಿಕಟ್ಟೆಗೆ ಬಂದೆವು. ಬಾವಿಯಕ್ಕ ನನ್ನ ಎತ್ತನ್ನು ನನ್ನ ಕೈಗೇ ಕೊಟ್ಟಳು.

"ಮೊದ್ಲು ನೀವ ಬಿಡ್ರಿ."

ಆ ಮಣ್ಣಿನ ಪರೀಕ್ಷೆಯನ್ನು ನಾನು ಎಷ್ಟೋ ಸಲ ಮಾಡಿದ್ದೆ. ಆದರೂ ಎತ್ತನ್ನು ಒಮ್ಮೆ ಮೂಗಿಗೆ ಹಿಡಿದು ನೋಡಿದೆ. ಬಿಟ್ಟೆ. ಎತ್ತು ಮುಳುಗಿತು. ಗುಳ್ಳೆ ಬಂದವು. ಒಂದು ಮೂಲೆಯಲ್ಲಿ ನೀರು ಮಣ್ಣಿನ ಬಣ್ಣಕ್ಕೆ ತಿರುಗಿತು. ಇಪ್ಪತ್ತಾರು ಮನೆಯವರು ಕಟ್ಟೆಗೆ ಎದೆ ಒತ್ತಿ ಬಗ್ಗಿ ನೋಡುತ್ತಿದ್ದರು. ಎಲ್ಲರಿಗೂ ಈಗ ಲೋಟದ ಪರೀಕ್ಷೆ ಗೊತ್ತು, ಒಂದು ನಿಮಿಷ ಎಂದರೆ ಎಷ್ಟು ಎಂಬುದೂ ಗೊತ್ತು. ಬಿಸಿಲು ನೀರಿನ ಮೇಲೆ ವಾರೆಯಾಗಿ ಬಿದ್ದಿತ್ತು. ನಾನು ಬಣ್ಣಕ್ಕಾಗಿ ಹುಡುಕುತ್ತಲೇ ಇದ್ದೆ. ಒಂದು ನಿಮಿಷವಾಯಿತು, ಎರಡಾಯಿತು. ನೀರಿನ ಮೇಲೆ ನಮ್ಮ ಮುಖಗಳು ಮಾತ್ರ ಕಾಣುತ್ತಿದ್ದವು.

ಪಕ್ಕದಲ್ಲಿ ಬಾವಿಯ ಗಾಲಿ ಕಿರುಗುಟ್ಟಿತು. ಬಾವಿಯಕ್ಕ ಕೊಡದ ಕೊರಳಿಗೆ ಹಗ್ಗ ಬಿಗಿಯುತ್ತಿದ್ದಳು.

"ಸರೀರಿ ಮೇಡಮ್ಮಾರ" ಎಂದಳು, "ಹಗ್ಗಕ್ಕ ಅಡ್ಡ ನಿಂತೀರಿ."